ಉಡದಮ್ಮ ಮತ್ತು ಯಾರದೂ ಅಲ್ಲದ ಅಂಗಿ

ಬೀದಿದೀಪಗಳು ಇನ್ನೂ ಆರಿಲ್ಲ. ಹಾಲಿನ ಬೂತಿನ ಎದುರು, ಮುಚ್ಚಿದ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಾರೆ. ವಯಸ್ಸು ಐವತ್ತು ದಾಟಿದೆ. ತೊಡೆಯ ಮೇಲೆ ತರಕಾರಿ ಚೀಲ, ಅದರೊಳಗೆ ತರಕಾರಿ ಇಲ್ಲ. ನೋಡಿದವರು ಮೊದಲ ಬಸ್ಸಿಗೆ ಕಾಯುತ್ತಿದ್ದಾರೆ ಅಂದುಕೊಳ್ಳಲಿ ಎಂದೇ ಹಾಗೆ ಕೂತಿರುವುದು. ಬೂತಿನ ಶಟರ್ ಕೆಲವು ವಾರಗಳಿಂದ ಎದ್ದಿಲ್ಲ. ಅದರ ಮುಂದಿನ ಸಿಮೆಂಟನ್ನು ಯಾರೋ ತಿಕ್ಕಿ ತೊಳೆದಿದ್ದಾರೆ, ತೊಳೆದಷ್ಟು ಜಾಗ ಮಾತ್ರ ಬೆಳ್ಳಗೆ ಕಾಣುತ್ತದೆ.

"ಆವತ್ತು ಇಷ್ಟೊತ್ತಿಗೇ ಆಗಿದ್ದು" ಎನ್ನುತ್ತಾರೆ ಅವರು, ದನಿ ತಗ್ಗಿಸಿ. "ಈ ಹೊತ್ತಲ್ಲಿ ಯಾರ್ಯಾರು ಎದ್ದಿರ್ತಾರೆ ಅಂತ ತಿಳೀಬೇಕಾದ್ರೆ ಈ ಹೊತ್ತಲ್ಲೇ ಬರ್ಬೇಕು. ಮಧ್ಯಾಹ್ನ ಬಂದು ಕೇಳಿದ್ರೆ ಮಧ್ಯಾಹ್ನದ ಜನ ಸಿಗ್ತಾರೆ. ಅವರಿಗೆಲ್ಲಾ ಗೊತ್ತಿರುತ್ತೆ, ಕಂಡಿರೋದು ಮಾತ್ರ ಏನೂ ಇರಲ್ಲ."

ಇವರದು ಖಾಸಗಿ ಪತ್ತೇದಾರಿಕೆ. ವಕೀಲರ ಓಣಿಯಲ್ಲಿ ಎಲ್ಲರೂ ಕರೆಯುವುದು ಉಡದಮ್ಮ ಎಂದು. ಹಿಡಿದರೆ ಉಡದ ಪಟ್ಟು, ಬಿಡಿಸುವುದು ಕಷ್ಟ. ಈಗ ಹಿಡಿದಿರುವುದು ಹದಿನಾರರ ಹುಡುಗನೊಬ್ಬನ ಕೇಸು. ಹಾಲಿನ ಕ್ರೇಟು ಕದ್ದಿದ್ದಾನೆಂದು ಬೂತಿನ ಮಾಲೀಕ ಹತ್ತು ಜನರ ಮುಂದೆ ಅವನ ಕೆನ್ನೆಗೆ ಬಾರಿಸಿದ್ದ. ಮರುದಿನ ಬೆಳಗಿನ ಜಾವ ಮಾಲೀಕ ತಲೆಯೊಡೆದು ಶಟರ್ ಮುಂದೆ ಬಿದ್ದಿದ್ದ, ಪೊಲೀಸರು ಬಂದಾಗ ಅಲ್ಲಿ ಸಿಕ್ಕಿದ್ದು ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಮತ್ತು ರಕ್ತ ಮೆತ್ತಿದ ಒಂದು ಅಂಗಿ. ಜೀವ ಉಳಿದಿದೆ, ಮಾತು ಹೋಗಿದೆ. ಹುಡುಗ ಬಂಧನದಲ್ಲಿದ್ದಾನೆ. ಅವನ ವಿಚಾರಣೆ ಮಕ್ಕಳ ನ್ಯಾಯಾಲಯದಲ್ಲೇ ನಡೆಯಬೇಕೋ ದೊಡ್ಡವರ ಕೋರ್ಟಿಗೆ ಹೋಗಬೇಕೋ ಎಂಬುದು ಸದ್ಯದಲ್ಲೇ ತೀರ್ಮಾನವಾಗಲಿದೆ. ದೊಡ್ಡವರ ಕೋರ್ಟಿಗೆ ಹೋದರೆ ಅರ್ಧ ಆಯುಸ್ಸು ಜೈಲಿನಲ್ಲೇ.

ಬೀದಿ ಗುಡಿಸುವಾಕೆ ಪೊರಕೆ ಊರಿ ನಿಲ್ಲುತ್ತಾಳೆ. "ಏನಕ್ಕಾ, ಇವತ್ತೂ ಬಸ್ಸು ತಪ್ಪಿಸ್ಕೊಂಡ್ರಾ?"

"ನನ್ನ ಬಸ್ಸು ಯಾವಾಗ್ಲೂ ಲೇಟು ಕಣಮ್ಮ."

"ಗೊತ್ತು ಬಿಡಿ, ನೀವ್ಯಾರು ಅಂತ. ಬೇಕರಿಯೋನ್ನ ಕೇಳಿ ಹೋಗಿ. ಅವನು ಒಲೆ ಹಚ್ಚಿದ್ಮೇಲೇ ಈ ಬೀದಿಗೆ ಬೆಳಗಾಗೋದು."

ಗುಡಿಸುವವರ ಮೇಲೆ ಉಡದಮ್ಮನಿಗೆ ವಿಶೇಷ ಅಕ್ಕರೆ. ಇವರೂ ಆ ದಾರಿಯಲ್ಲೇ ಬಂದವರು. ಮೊದಲು ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಗಂಡ ತೀರಿಕೊಂಡ ಮೇಲೆ ಒಂದು ಪತ್ತೇದಾರಿ ಕಚೇರಿಯಲ್ಲಿ ಕಸ ಹೊಡೆಯುವ ಕೆಲಸ. ಒಂದು ದಿನ ಯಾರದೋ ಹೆಂಡತಿಯ ಹಿಂದೆ ಹೋಗಬೇಕಾದ ಆಸಾಮಿ ಜ್ವರ ಬಂದು ಮಲಗಿದ. ಯಜಮಾನ ಇವರನ್ನೇ ಕಳಿಸಿದ. "ಗುಡಿಸೋಳ ಮುಖ ಯಾರು ನೋಡ್ತಾರೆ? ಲಿಫ್ಟಲ್ಲಿ ಆ ಹೆಂಗಸಿನ ಪಕ್ಕದಲ್ಲೇ ನಿಂತಿದ್ದೆ. ನನ್ನ ಕೈಗೇ ಛತ್ರಿ ಕೊಟ್ಟು ಲಿಪ್‌ಸ್ಟಿಕ್ ಹಚ್ಕೊಂಡ್ಳು!" ಗಂಡ ಹೆಂಡಿರ ಹಿಂದೆ ವರ್ಷಗಟ್ಟಲೆ ಅಲೆದು ಸಾಕಾಗಿ, ಈಗ ಆರೋಪ ಹೊತ್ತವರ ವಕೀಲರಿಗಾಗಿ ಮಾತ್ರ ದುಡಿಯುತ್ತಾರೆ. ಹತ್ತು ಬಾಗಿಲು ತಟ್ಟಿದರೆ ಮೂರು ತೆರೆಯುತ್ತವೆ, ಆ ಮೂರರಲ್ಲಿ ಒಂದು ಮಾತಾಡುತ್ತದೆ. ನಾಯಿ ಕಚ್ಚಿದ ಗುರುತು ಮೀನಖಂಡದಲ್ಲಿದೆ. ಮೊಣಕಾಲು ಮೆಟ್ಟಿಲು ಕಂಡರೆ ಮುನಿಯುತ್ತದೆ. ಮಗಳು ನೆರೆಯವರಿಗೆ "ಅಮ್ಮ ಇನ್ಶೂರೆನ್ಸ್ ಕಂಪನೀಲಿದಾರೆ" ಎಂದೇ ಹೇಳಿಕೊಂಡು ಬಂದಿದ್ದಾಳೆ.

ಇವರ ಕೆಲಸದ ಪದ್ಧತಿಯೇ ಬೇರೆ. ಆರೋಪಿಯ ಫೋಟೋ ಯಾರಿಗೂ ತೋರಿಸುವುದಿಲ್ಲ. "ತೋರಿಸಿದ್ರೆ ಮುಗೀತು. ಆಮೇಲೆ ಅವರ ಕನಸಲ್ಲೂ ಅದೇ ಮುಖ." ಯಾರನ್ನು ಕಂಡಿರಿ ಎಂದೂ ಕೇಳುವುದಿಲ್ಲ. ಎದುರಿನವರ ಕೆಲಸದ ಬಗ್ಗೆಯೇ ಕೇಳುತ್ತಾ ಆ ದಿನಕ್ಕೆ ಬರುತ್ತಾರೆ.

ಬೇಕರಿಯ ಹಿಂಬಾಗಿಲಲ್ಲಿ ಹಿಟ್ಟು ನಾದುವ ಮನುಷ್ಯ ಮೊದಲು ತಲೆಯೆತ್ತುವುದಿಲ್ಲ. ಹಿಟ್ಟು ಎಷ್ಟೊತ್ತು ಉಬ್ಬಬೇಕು, ನಡುವೆ ಬಿಟ್ಟರೆ ಏನಾಗುತ್ತದೆ ಎಂಬ ವಿಚಾರಣೆ ನಡೆಯುತ್ತದೆ. ಆವತ್ತು ಯಾಕೆ ಬಿಟ್ಟು ಎದ್ದಿರಿ ಎಂಬಲ್ಲಿಗೆ ಮಾತು ಬರುತ್ತದೆ.

"ಯಾರೋ ಬಾಗಿಲು ಬಡಿದ್ರು. 'ಬನ್ನಿ, ರಕ್ತ ನಿಲ್ತಿಲ್ಲ' ಅಂತ ಅಳ್ತಿದ್ರು. ತೆಗೆಯೋಷ್ಟರಲ್ಲಿ ಓಡಿಹೋಗಿದ್ರು. ಹೋಗಿ ನೋಡ್ತೀನಿ, ಬೂತಿನ ಪುಣ್ಯಾತ್ಮನ ತಲೆಗೆ ಅಂಗಿ ಬಿಗಿಯಾಗಿ ಕಟ್ಟಿತ್ತು. ಆಂಬುಲೆನ್ಸ್‌ನೋರು ಕತ್ತರೀಲಿ ಕತ್ತರಿಸಿ ಪಕ್ಕಕ್ಕೆ ಎಸೆದ್ರು. ಇದನ್ನ ಕಟ್ಟದೇ ಇದ್ದಿದ್ರೆ ಇವನು ಇಷ್ಟೊತ್ತಿಗೆ ಹೋಗ್ತಿದ್ದ ಅಂದ್ರು."

"ಪೊಲೀಸರಿಗೆ ಹೇಳಿದ್ರಾ?"

"ಮುಖ ನೋಡಿದ್ಯಾ ಅಂದ್ರು. ಇಲ್ಲ ಅಂದೆ. ಹಾಗಾದ್ರೆ ಹೋಗು ಅಂದ್ರು."

ಉಡದಮ್ಮ ಹೊರಗೆ ಬಂದು ಗೋಡೆಗೆ ಒರಗುತ್ತಾರೆ. ಮುಖದಲ್ಲಿ ಗೆದ್ದ ಕಳೆಯಿಲ್ಲ. ಹುಡುಗನ ಮನೆಯವರು ಪೊಲೀಸರ ಮುಂದೆ ಆಣೆ ಮಾಡಿ ಹೇಳಿಬಿಟ್ಟಿದ್ದಾರೆ: ಅವನು ಮನೆಯಲ್ಲಿ ಮಲಗಿದ್ದ, ಆ ಅಂಗಿ ನಮ್ಮದಲ್ಲ. ಹುಡುಗನೂ ಅದನ್ನೇ ಗಿಳಿಪಾಠದಂತೆ ಒಪ್ಪಿಸುತ್ತಿದ್ದಾನೆ.

ಅವನ ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆ. ಕಿಟಕಿಯ ಬೆಳಕಿಗೆ ಹೊಲಿಗೆ ಯಂತ್ರ, ಮೂಲೆಯ ಮಂಚದಲ್ಲಿ ಅಜ್ಜಿ. ತಾಯಿ ಹಳೇ ಬಟ್ಟೆ ಸರಿಮಾಡಿಕೊಡುವವಳು. ಇವಳ ಜೊತೆ ಮಾತಾಡುವುದನ್ನು ಹುಡುಗನ ವಕೀಲರು ಉಡದಮ್ಮನಿಗೇ ವಹಿಸಿದ್ದಾರೆ. ಕರಿಕೋಟು ಕಂಡರೆ ಈ ತಾಯಿ ಬಾಯಿ ಹೊಲಿದುಕೊಳ್ಳುತ್ತಾಳೆ.

"ಅವನು ಮನೇಲೇ ಮಲಗಿದ್ದ. ಆ ಅಂಗಿ ನಮ್ದಲ್ಲ" ಎನ್ನುತ್ತಾಳೆ, ಕೇಳುವ ಮೊದಲೇ.

"ಅವನು ಮನೇಲೇ ಮಲಗಿದ್ದ. ಆ ಅಂಗಿ ನಮ್ದಲ್ಲ" ಎನ್ನುತ್ತಾರೆ ಅಜ್ಜಿ.

"ಅಜ್ಜೀ, ನಿಜ ಆಗಿದ್ರೆ ಅತ್ತೆ ಸೊಸೆ ಇಷ್ಟು ಒಂದೇ ಮಾತಾಡ್ತಿರ್ಲಿಲ್ಲ."

ಅಜ್ಜಿಗೆ ನಗು ಬಂದುಬಿಡುತ್ತದೆ, ಬಂದದ್ದೇ ತಪ್ಪೆಂಬಂತೆ ಕೈ ಬಾಯಿಗೆ ಹೋಗುತ್ತದೆ. ತಾಯಿ ನಗುವುದಿಲ್ಲ.

"ವಕೀಲರ ಜೊತೆ ಹೋಗಿ ಆ ಅಂಗಿ ನೋಡಿ ಬಂದೆ ಕಣಮ್ಮ. ಕಾಲರ್ ಸವೆದಿತ್ತು ಅಂತ ತಿರುಗಿಸಿ ಹೊಲಿದಿದಾರೆ. ಈಗ ನಿನ್ನ ಸೂಜಿ ಕೆಳಗೆ ಇದೆಯಲ್ಲ, ಇದೇ ಹೊಲಿಗೆ."

ಯಂತ್ರದ ಚಕ್ರ ನಿಲ್ಲುತ್ತದೆ. "ನೀವು ನಮ್ ಕಡೆಯೋರೋ, ಪೊಲೀಸ್ ಕಡೆಯೋರೋ?"

"ನಿನ್ನ ಮಗನ ಕಡೆಯೋಳು. ಅಂಗಿ ಆ ಮನುಷ್ಯನ ತಲೆಗೆ ಕಟ್ಟಿತ್ತು. ಕಟ್ಟಿದೋರೇ ಅವನ ಜೀವ ಉಳಿಸಿದ್ದು. ಅಂಗಿ ನಿಮ್ದಲ್ಲ ಅಂದ್ರೆ ಕಟ್ಟಿದೋನೂ ನಿಮ್ಮೋನಲ್ಲ. ಹೊಡೆದು ಸಾಯೋಕೆ ಬಿಟ್ಟೋನು ಅಂತ್ಲೇ ದೊಡ್ಡೋರ ಕೋರ್ಟಿಗೆ ಕಳಿಸ್ತಾರೆ."

"ನಮ್ದು ಅಂದ್ರೆ?"

"ಹೊಡೆದೋನೂ ನಿಮ್ಮೋನೇ."

"ಹೆತ್ತೋಳ ಬಾಯಲ್ಲಿ ಅದನ್ನ ಹೇಳಿಸ್ತೀರಾ? ಎದ್ದು ಹೋಗಿ."

ಹೋಗುತ್ತಾರೆ. ಮರುದಿನ ಮತ್ತೆ ಬರುತ್ತಾರೆ, ಅದರ ಮರುದಿನವೂ. ಮೂರನೆಯ ಸಲ ಬಾಗಿಲು ತೆರೆಯುವುದೇ ಇಲ್ಲ. ಮುಚ್ಚಿದ ಬಾಗಿಲಿಗೇ ಬೇಕರಿಯವನ ಮಾತನ್ನು ಪೂರ್ತಿ ಹೇಳಿ, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ.

ಕೇಸು ಯಾವ ಕೋರ್ಟಿಗೆಂದು ತೀರ್ಮಾನಿಸುವ ದಿನ ಬೇಕರಿಯವನು ಬಂದು ಕಂಡದ್ದನ್ನು ಹೇಳುತ್ತಾನೆ. ಆಮೇಲೆ ತಾಯಿಯ ಸರದಿ. ಕಟಕಟೆಯ ಅಂಚನ್ನು ಸವರುತ್ತಾಳೆ. "ಅಂಗಿ ನಮ್ದೇ ಸ್ವಾಮಿ. ಕಾಲರ್ ನಾನೇ ತಿರುಗಿಸಿದ್ದು. ಮೊದ್ಲು ಸುಳ್ಳು ಹೇಳ್ದೆ." ಬಂಧನವಾದಂದಿನಿಂದ ಗೋಡೆಯನ್ನೇ ನೋಡುತ್ತಿದ್ದ ಹುಡುಗ ತಾಯಿಯ ಕಡೆ ತಿರುಗುತ್ತಾನೆ. "ಒಂದೇ ಏಟಮ್ಮಾ. ಆಮೇಲೆ ಕಟ್ಟಿದೆ. ರಕ್ತ ನಿಲ್ಲಲೇ ಇಲ್ಲ" ಎಂದು ಬಿಕ್ಕುತ್ತಾನೆ. ಹಿಂದಿನ ಬೆಂಚಿನಿಂದ ಗಾಯಾಳುವಿನ ಹೆಂಡತಿ ಎದ್ದು, ಯಾರನ್ನೂ ನೋಡದೆ ಹೊರಗೆ ನಡೆಯುತ್ತಾಳೆ.

ಕೇಸು ಮಕ್ಕಳ ನ್ಯಾಯಾಲಯದಲ್ಲೇ ಉಳಿಯುತ್ತದೆ. ಆದರೂ ಹುಡುಗನ ಹರೆಯದ ಕೆಲವು ವರ್ಷಗಳು ಸುಧಾರಣಾ ಗೃಹದಲ್ಲೇ ಕಳೆಯುವುದು ಖಂಡಿತ ಎನ್ನುತ್ತಾರೆ ವಕೀಲರು. ಕೋರ್ಟಿನ ಮೆಟ್ಟಿಲ ಬಳಿ ತಾಯಿ ಉಡದಮ್ಮನ ಮುಂದೆ ನಿಲ್ಲುತ್ತಾಳೆ. "ನನ್ನ ಮಗನ್ನ ನನ್ನ ಕೈಯಾರೆ ಒಪ್ಪಿಸೋ ಹಾಗೆ ಮಾಡಿದ್ರಿ" ಎಂದಷ್ಟೇ ಹೇಳಿ ಹೋಗುತ್ತಾಳೆ. ಉಡದಮ್ಮ ತಡೆಯುವುದಿಲ್ಲ.

"ಬೈಯ್ಲಿ, ಅವಳಿಗೆ ಹಕ್ಕಿದೆ" ಎನ್ನುತ್ತಾರೆ ಆಮೇಲೆ. "ನಾನು ಯಾರನ್ನೂ ಬಿಡಿಸೋಳಲ್ಲ. ಹೊಡೆದಿದ್ದೂ ಅವನೇ, ಕಟ್ಟಿದ್ದೂ ಅವನೇ. ಎರಡನ್ನೂ ಒಟ್ಟಿಗೆ ಇಟ್ಟು ತೂಗಲಿ ಅಂತಿದ್ದೆ, ಅಷ್ಟಾಯ್ತು."

ಬೇರೇನಾದರೂ ಆಸೆ ಇದೆಯೇ ಎಂದರೆ ಸ್ವಲ್ಪ ಸಂಕೋಚಪಡುತ್ತಾರೆ. ಸೀರೆಯ ಮೇಲೆ ತೊಟ್ಟಿದ್ದ ಹಳೇ ಕೋಟಿನ ಜೇಬು ಮಗುಚಿ ತೋರಿಸುತ್ತಾರೆ. ಹೊಲಿಗೆ ಪೂರ್ತಿ ಬಿಟ್ಟಿದೆ.

"ಇದನ್ನ ಅವಳ ಹತ್ರಾನೇ ಹೊಲಿಸ್ಕೋಬೇಕು ಅಂತ. ಗಟ್ಟಿ ಹೊಲಿಗೆ ಅವಳ್ದು. ಕೊಡೋಕೆ ಇನ್ನೂ ಧೈರ್ಯ ಬಂದಿಲ್ಲ."