ಹಳದಿ ದೀಪ ಆರುವ ತನಕ

ಎಂಜಿನ್ ಒಡೆದವರು ನಮ್ಮ ಅಳಿಯಂದಿರು, ಮೆಕ್ಯಾನಿಕ್ ಕನ್ನಯ್ಯನಲ್ಲ. ನಾನು ಹಿಂದಿನ ಸೀಟಿನಲ್ಲಿ ಕೂತು ಕಣ್ಣಾರೆ ಕಂಡವಳು.

ಪಲ್ಲಾವರಂ ಸಂತೆಯ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡು ಕನ್ನಯ್ಯ ಡೀಸೆಲ್ ಗಾಡಿ ರಿಪೇರಿ ಮಾಡುತ್ತಿದ್ದ. ಹೊಸೂರು ಕಡೆಯವನು, ಅರ್ಧ ಕನ್ನಡ, ಅರ್ಧ ತಮಿಳು. ಚಾವಿ ಹಾಕಿದ ಮೇಲೆ, ಎಂಜಿನ್ ಒಳಗನ್ನು ಕಾಯಿಸುವ ಹೀಟರಿನ ಹಳದಿ ದೀಪ ಆರುವ ತನಕ ಸ್ಟಾರ್ಟ್ ಮಾಡುತ್ತಿರಲಿಲ್ಲ. ಚೆನ್ನೈನ ಸುಡುಬಿಸಿಲಿನಲ್ಲೂ ಅಷ್ಟೇ. ಎರಡೂ ಕೈ ಮಡಿಲಲ್ಲಿಟ್ಟು ಪಂಕ್ತಿಯಲ್ಲಿ ಕೂತವನ ಹಾಗೆ ಕಾಯುತ್ತಿದ್ದ. ನಾನು ನಕ್ಕರೆ, "ಕೊಂಜ ಇರಿ ಅಮ್ಮಾ. ಹೆಂಚು ಕಾಯೋ ಮುಂಚೆ ನೀವು ದೋಸೆ ಹುಯ್ತೀರಾ?" ಎನ್ನುತ್ತಿದ್ದ.

ಹೋದ ಚಳಿಗಾಲ ಮನೆಯವರೆಲ್ಲ ವ್ಯಾನಿನಲ್ಲಿ ಊಟಿಗೆ ಹೊರಟೆವು. ಶಾಲೆಯ ವ್ಯಾನು ಓಡಿಸುವ ಅಳಿಯಂದಿರು ಚಳಿಗೆ ಬೇಕಾದೀತೆಂದು, ತಣ್ಣಗಿನ ಎಂಜಿನ್ ಥಟ್ಟನೆ ಹೊತ್ತಿಸುವ ಸ್ಟಾರ್ಟಿಂಗ್ ಸ್ಪ್ರೇ ಡಬ್ಬ ತಂದಿಟ್ಟುಕೊಂಡರು. ಕನ್ನಯ್ಯ ಅದನ್ನು ನೋಡಿ ಮುಖ ಸಿಂಡರಿಸಿದ.

"ಸಾರ್, ಇದು ವೇಂಡಾ. ಹೊಸ ಹೀಟರ್ ಹಾಕಿದೀನಿ. ಒಳಗೆ ಕಡ್ಡಿ ಕೆಂಪಗೆ ಕಾದಿರತ್ತೆ, ಅದ್ರ ಮೇಲೆ ಇದನ್ನ ಹೊಡೆದ್ರೆ ಪಟಾಸ್ ಥರ ಸಿಡಿಯತ್ತೆ."

"ನೀನು ರಿಪೇರಿ ನೋಡ್ಕೋಪ್ಪ, ಓಡ್ಸೋದು ನಾನ್ ನೋಡ್ಕೋತೀನಿ," ಎಂದರು ಅಳಿಯಂದಿರು.

ಊಟಿಯಲ್ಲಿ ಬೆಳಿಗ್ಗೆ ಗಾಜಿನ ಮೇಲೆಲ್ಲ ಹಿಮ. ದೀಪ ಆರುವ ತನಕ ಕಾಯುವ ತಾಳ್ಮೆ ಆ ಮಹಾನುಭಾವರಿಗೆಲ್ಲಿ? ನನ್ನ ಮಗಳನ್ನು ಚಾವಿ ತಿರುಗಿಸಲು ಕೂರಿಸಿ, ತಾವು ಗಾಳಿ ಹೋಗುವ ಕೊಳವೆಗೆ ಬುಸ್ಸೆಂದು ಹೊಡೆದರು. ಢಮ್ ಎಂದಿತು. ಪಿಸ್ಟನ್ ಸೀಳಿತು. ವ್ಯಾನು ಲಾರಿ ಹತ್ತಿ ಮನೆಗೆ ಬಂತು.

ಬಂದ ಮೇಲೆ ಅಳಿಯಂದಿರು ವ್ಯಾನ್ ಸ್ಟ್ಯಾಂಡಿನಲ್ಲಿ ಹೇಳಿದ್ದೇನು? ಕನ್ನಯ್ಯ ಹೀಟರ್ ಸರಿಯಾಗಿ ಕೂರಿಸಲಿಲ್ಲ, ಅದಕ್ಕೇ ಒಡೆಯಿತು ಅಂತ. ಡ್ರೈವರುಗಳು ನಂಬಿದರು. ಶೆಡ್ಡಿಗೆ ಒಂದು ಗಾಡಿಯೂ ಬರದಾಯಿತು. ನಾನೋ, ಅಳಿಯಂದಿರ ಮಾನ ಅಂತ ಬಾಯಿ ಹೊಲಿದುಕೊಂಡೆ. ನಾಚಿಕೆಗೆಟ್ಟ ಕೆಲಸ.

ಒಂದು ದಿನ ಕನ್ನಯ್ಯ ಶೆಡ್ಡು ಖಾಲಿ ಮಾಡಿ, ಊರಿಗೆ ಹೊರಟವನು ನಮ್ಮ ಬಾಗಿಲಿಗೆ ಬಂದ. ಕರೆದರೂ ಒಳಗೆ ಬರಲಿಲ್ಲ.

"ನೀವು ವ್ಯಾನಲ್ಲೇ ಇದ್ರಲ್ಲಮ್ಮಾ," ಎಂದ. ಅಷ್ಟೇ. ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ.

ಮರುದಿನ ಬೆಳಿಗ್ಗೆ, ಮನೆ ಮುಂದೆ ನಿಂತಿದ್ದ ವ್ಯಾನಿನ ಸೀಟಿನಡಿಯಿಂದ ಆ ಡಬ್ಬ ಎಳೆದುಕೊಂಡು ಸ್ಟ್ಯಾಂಡಿಗೆ ನಡೆದೆ. ಡ್ರೈವರುಗಳೆಲ್ಲ ಟೀ ಕುಡಿಯುತ್ತಿದ್ದರು, ನಡುವೆ ಅಳಿಯಂದಿರು. ಮಗಳ ಮದುವೆಯಾದಂದಿನಿಂದ ಅವರ ಹೆಸರು ಹಿಡಿದು ಕರೆದವಳಲ್ಲ ನಾನು. ಡಬ್ಬವನ್ನು ಅವರ ಕೈಗೆ ತುರುಕಿ, ಎಲ್ಲರಿಗೂ ತಿಳಿಯಲೆಂದು ತಮಿಳಿನಲ್ಲೇ ಹೇಳಿದೆ: ಪ್ರಸಾದಾ, ಊಟಿಯಲ್ಲಿ ಇದನ್ನು ಎಲ್ಲಿಗೆ ಹೊಡೆದೆ, ಇವರಿಗೆ ತೋರಿಸು.