ಹಳಿ ಪಕ್ಕದ ಗೋಡೌನಿನ ಓಬಕ್ಕ

ಓಬಕ್ಕನ ಗಂಟಲಿನ ಮುಂದೆ ಗೂಡ್ಸ್ ರೈಲಿನ ಸದ್ದೂ ಸೋಲುತ್ತಿತ್ತು. ರೈಲ್ವೆ ಸ್ಟೇಷನ್ ಪಕ್ಕದ ಹಳೇ ಗೋಡೌನಿನಲ್ಲಿ ನಾವು ಹನ್ನೊಂದು ಹೆಂಗಸರು ಮೂಸಂಬಿ ಆರಿಸಿ, ಒಣಹುಲ್ಲು ಹಾಸಿ ಪೆಟ್ಟಿಗೆಗೆ ತುಂಬುತ್ತಿದ್ದೆವು. ಓಬಕ್ಕ ನಮ್ಮ ಮೇಸ್ತ್ರಿ. "ತೊಟ್ಟು ಮೇಲ್ಮಾಡಿ ಇಕ್ಕಬ್ಯಾಡ್ರೇ, ಮೇಲಿನ್ ಕಾಯಿಗ್ ಚುಚ್ಚತೈತೆ!" ಎಂದು ಅವಳು ಕೂಗಿದರೆ ಪ್ಲಾಟ್‌ಫಾರ್ಮಿನಲ್ಲಿ ನಿಂತವರೂ ತಿರುಗಿ ನೋಡುತ್ತಿದ್ದರು.

ಕೊಡಿಗೇನಹಳ್ಳಿಯಿಂದ ಬೆಳಗಿನ ಬಸ್ಸಿಗೆ ಎಲ್ಲರೂ ಆಂಧ್ರದ ಗಡಿ ದಾಟಿ ಬರುತ್ತಿದ್ದೆವು. ಗೋಡೌನು ಬ್ರಿಟಿಷರ ಕಾಲದ್ದಂತೆ. ಕಲ್ಲಿನ ಗೋಡೆ, ತೇಗದ ತೊಲೆ, ಹಳಿಯ ಕಡೆಗೊಂದು ಎತ್ತರದ ಬಾಗಿಲು. ಹಿಂದೆ ಆ ಬಾಗಿಲಿನಿಂದಲೇ ಕಡಲೆಕಾಯಿ ಮೂಟೆಗಳು ವ್ಯಾಗನ್ನಿಗೆ ಹೋಗುತ್ತಿದ್ದವು. ಈಗ ಅದನ್ನು ಇಟ್ಟಿಗೆಯಿಂದ ಮುಚ್ಚಿ, ಇನ್ನೊಂದು ಬದಿಗೆ ಲಾರಿ ನಿಲ್ಲಿಸುತ್ತಿದ್ದರು. ತೊಲೆಗೆ ಗೆದ್ದಲು ಹಿಡಿದಿದೆ ಎಂದು ಓಬಕ್ಕ ಮಾಲೀಕರಿಗೆ ಹೇಳಿದ್ದಳು. ಸೀಸನ್ ಮುಗಿಯಲಿ ಎಂದಿದ್ದರು ಅವರು.

ನಾನು ಸೇರಿದ ಹೊಸತರಲ್ಲಿ ಒಂದು ಪೆಟ್ಟಿಗೆಯ ತಳಕ್ಕೆ ಕೊಳೆತ ಕಾಯಿ ಹಾಕಿಬಿಟ್ಟಿದ್ದೆ. ಹಣ್ಣು ಕೊಳ್ಳಲು ಬಂದಾತ ಬೈಯತೊಡಗಿದ. ಓಬಕ್ಕ ಅಡ್ಡ ಬಂದಳು. "ನಮ್ ಹುಡ್ಗಿ ಕಣಯ್ಯ ಅವ್ಳು. ಬೈಯೋದಿದ್ರೆ ನಾನ್ ಬೈತೀನಿ, ನೀನ್ಯಾರು?" ಅವನು ಹೋದ ಮೇಲೆ ನನಗೆ ಅರ್ಧ ಗಂಟೆ ಬೈದಳು, ಆಮೇಲೆ ತನ್ನ ಬುತ್ತಿಯ ಮುದ್ದೆಯಲ್ಲಿ ಅರ್ಧ ಮುರಿದು ಕೊಟ್ಟಳು.

ಹೋದ ಬೇಸಿಗೆಯ ಒಂದು ಮಧ್ಯಾಹ್ನ. ಗೂಡ್ಸ್ ರೈಲು ಹಾದುಹೋಯಿತು. ಕಾಯಿಗಳ ಮೇಲೆ ಸಣ್ಣಗೆ ಮಣ್ಣು ಉದುರಿತು. ಓಬಕ್ಕ ಒಮ್ಮೆ ಮೇಲೆ ನೋಡಿ, ನಮ್ಮ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಎದ್ದೇಳ್ರಮ್ಮ. ಕೈಲಿರಾದ್ನ ಅಲ್ಲೇ ಬುಟ್‌ಬುಡಿ. ನೂಕಾಡ್ಬ್ಯಾಡಿ, ಆಚೆ ನಡೀರಿ."

ಅವಳು ಮೆಲ್ಲಗೆ ಮಾತಾಡಿದ್ದನ್ನು ನಾವು ಅದುವರೆಗೆ ಕೇಳಿಯೇ ಇರಲಿಲ್ಲ. ಭಯವಾಗಿದ್ದು ಅದಕ್ಕೇ. ಯಾಕೆಂದು ಒಬ್ಬರೂ ಕೇಳದೆ ಎದ್ದು ಬಂದೆವು.

ಹೊರಗೆ ಜಲ್ಲಿಕಲ್ಲು ಕಾದು ಕೆಂಡವಾಗಿತ್ತು. ಎಲ್ಲರದೂ ಬರಿಗಾಲು. ಒಂದು ಕಾಲೆತ್ತಿ ಒಂದು ಕಾಲಿಡುತ್ತಾ, "ಅಯ್ಯೋ, ಚಪ್ಲಿ ಒಳಗೇ ಅವೆ ಕಣಕ್ಕ" ಎಂದವಳು ನಾನು.

"ಬಾಗ್ಲತ್ರಾನೇ ಅಲ್ವಾ, ತಂದ್ಬುಡ್ತೀನಿ ಇರು" ಎಂದಳು ಓಬಕ್ಕ.

ನಾನು ಅವಳ ಕೈ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಅವಳು ಒಳಗೆ ಹೋಗಿ ಬಗ್ಗಿ ಬಗ್ಗಿ ಏಳುತ್ತಿದ್ದುದು ಕಂಡಿತು. ತೊಲೆ ಲಟಕ್ಕೆಂದಿತು. ಮರುಗಳಿಗೆ ಬಾಗಿಲೂ ಇಲ್ಲ, ಗೋಡೆಯೂ ಇಲ್ಲ, ಬರೀ ದೂಳು. ದೂಳಿನೊಳಗಿಂದ ಮೂಸಂಬಿಗಳು ಒಂದೊಂದೇ ಉರುಳಿ ನಮ್ಮ ಕಾಲ ಬಳಿ ಬಂದು ನಿಂತವು.

ಸ್ಟೇಷನ್ನಿನವರು, ಲಾರಿಯವರು ಸೇರಿ ಕಲ್ಲು ಸರಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಓಬಕ್ಕ ಮುದುಡಿ ಮಲಗಿದ್ದಳು. ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದಳು. ಪೊಲೀಸಿನವನು ಅದನ್ನು ಬಿಡಿಸಿ, ಒಳಗಿದ್ದ ಚಪ್ಪಲಿಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿ, "ಇವು ಯಾರವಮ್ಮ?" ಎಂದು ಕೇಳಿದ.

ಹನ್ನೊಂದು ಜನರೂ ಬರಿಗಾಲಲ್ಲಿ ಎದುರಿಗೇ ನಿಂತಿದ್ದೆವು.