ಆನಂದನ ರಕ್ತ ನನ್ನೊಳಗೆ ಹರಿದಾಗ

ಬೆಳಿಗ್ಗೆ ಹಲ್ಲುಜ್ಜಿ ಉಗುಳಿದೆ. ಬೇಸಿನ್ ತುಂಬ ಕೆಂಪು. ಬ್ರಷ್ ಗಟ್ಟಿಯಿರಬೇಕು ಅಂದುಕೊಂಡೆ. ಸ್ನಾನಕ್ಕೆ ಹೋದಾಗ ತೊಡೆಯ ಮೇಲೆ ನೀಲಿ ಕಲೆಗಳು ಕಂಡವು. ನಾನು ಎಲ್ಲಿಯೂ ಬಿದ್ದಿರಲಿಲ್ಲ.

ಅವತ್ತು ಭಾನುವಾರ. ಮಿಯಾಪುರದಲ್ಲಿ ಮೆಟ್ರೊ ಹತ್ತಿ ನಮ್ಮ ಕನ್ನಡ ಚರ್ಚಿಗೆ ಹೋದೆ. ಸಂಡೇ ಸ್ಕೂಲ್ ಮಕ್ಕಳಿಗೆ ಬೈಬಲಿನ ಹಳೆಯ ಒಡಂಬಡಿಕೆಯ ಬಲಿಗಳ ಪಾಠ. ಮಹಾಯಾಜಕನು ಜನರ ಪಾಪ ಕಳೆಯಲೆಂದು ವರ್ಷಕ್ಕೊಮ್ಮೆ ಹೋತದ ರಕ್ತ ಹಿಡಿದು ಗುಡಿಯ ಪರದೆಯ ಒಳಗೆ ಹೋಗುತ್ತಿದ್ದ, ಮರುವರ್ಷ ಮತ್ತೆ ಹೋಗಲೇಬೇಕಿತ್ತು ಎಂದು ಹೇಳುತ್ತಿದ್ದಾಗ ನನ್ನ ಮೂಗಿನಿಂದ ರಕ್ತ ಇಳಿಯಿತು. ಸೆರಗು ಒತ್ತಿ ಹಿಡಿದೆ. ನಿಲ್ಲಲಿಲ್ಲ.

ಬ್ಲಡ್ ಟೆಸ್ಟ್ ಆಯಿತು. ಆಮೇಲೆ ಸೊಂಟದ ಮೂಳೆಗೆ ಸೂಜಿ ಹಾಕಿ ಬಯಾಪ್ಸಿ. ರಿಪೋರ್ಟ್ ಹಿಡಿದ ಡಾಕ್ಟರಮ್ಮ ನನ್ನ ಗಂಡ ದೇವದಾಸರ ಕಡೆ ನೋಡದೆ ನನ್ನನ್ನೇ ನೋಡಿ ತೆಲುಗಿನಲ್ಲಿ ಹೇಳಿದರು. ನನ್ನ ಮೂಳೆಯೊಳಗೆ ರಕ್ತ ಹುಟ್ಟುವ ಜಾಗವೇ ಬರಿದಾಗಿತ್ತು.

ಅಪ್ಲಾಸ್ಟಿಕ್ ಅನೀಮಿಯಾ.

ಅಲ್ಲಿಂದ ನನ್ನ ಬದುಕು ಬೇರೆಯವರ ರಕ್ತದ ಮೇಲೆ ನಡೆಯಿತು. ಪ್ಲೇಟ್‌ಲೆಟ್ ಬೀಳುತ್ತಿತ್ತು, ಯಾರೋ ಬಂದು ಕೊಡುತ್ತಿದ್ದರು, ಕೌಂಟ್ ಏರುತ್ತಿತ್ತು, ಮತ್ತೆ ಬೀಳುತ್ತಿತ್ತು. ದೇವದಾಸರ ಫ್ಯಾಕ್ಟರಿಯ ಗೆಳೆಯರು ಬಂದರು. ಬೇಗಂ ಬಜಾರಿನ ಮಸಾಲೆ ಅಂಗಡಿಯವರೊಬ್ಬರು ನಮಾಜು ಮುಗಿಸಿ ನೇರವಾಗಿ ಬ್ಲಡ್ ಬ್ಯಾಂಕಿಗೆ ಬಂದರು. ಹೆಸರು ಕೇಳುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಒಂದೊಂದು ಚೀಲವೂ ನನಗೆ ನಾಲ್ಕಾರು ದಿನ ಕೊಡುತ್ತಿತ್ತು. ಅಷ್ಟೇ.

ಅಪ್ಪ ನನ್ನ ಹಾಸಿಗೆಯ ಪಕ್ಕ ಕೂತಿರುತ್ತಿದ್ದರು. ಬೆಟಗೇರಿಯಿಂದ ಇಲ್ಲಿಯ ಸರ್ಕಾರಿ ಕಾರ್ಖಾನೆಯ ಕೆಲಸಕ್ಕೆ ಬಂದು, ಇಲ್ಲೇ ರಿಟೈರ್ ಆಗಿ, ಚರ್ಚಿನಲ್ಲಿ ಬೈಬಲಿನ ವೇದಪಾಠ ಓದುವವರು. ತೂಗುತ್ತಿದ್ದ ಚೀಲವನ್ನು ನೋಡುತ್ತ ಒಂದು ದಿನ ಅಂದರು: "ಹಳೇ ಒಡಂಬಡಿಕಿ ಹಿಂಗ ಇತ್ತು ನೋಡವ್ವ. ಕೊಡೂದು, ತೀರೂದು, ಮತ್ತ ಕೊಡೂದು."

"ಹಂಗಾದ್ರ ನನಗ ಹೊಸಾದು ಯಾವಾಗ ಅಪ್ಪಾ?"

ಅಪ್ಪ ನನ್ನ ಪಾದದ ಮೇಲೆ ಹೊದಿಕೆ ಎಳೆದರು.

ಹೊಸದು ಒಂದೇ ಇತ್ತು. ಮ್ಯಾರೋ ಟ್ರಾನ್ಸ್‌ಪ್ಲಾಂಟ್, ಬೇರೆಯವರ ಮೂಳೆಮಜ್ಜೆಯ ಕಸಿ. ಒಡಹುಟ್ಟಿದವರ ಎಚ್‌ಎಲ್‌ಎ, ಅಂದರೆ ಕಣಗಳ ಗುರುತು, ನನ್ನದಕ್ಕೆ ಹೊಂದಬೇಕು. ನನಗಿರುವವನು ಒಬ್ಬನೇ ತಮ್ಮ, ಆನಂದ. ಶಂಶಾಬಾದಿನ ಏರ್‌ಪೋರ್ಟ್ ಕಾರ್ಗೋದಲ್ಲಿ ಕೆಲಸ. ರಕ್ತ ಕಂಡರೆ ತಲೆ ತಿರುಗಿ ಬೀಳುವವನು. ಅದಕ್ಕಿಂತ ದೊಡ್ಡ ಮಾತೆಂದರೆ, ಕಾಲೇಜಿನಲ್ಲಿದ್ದಾಗಲೇ ಚರ್ಚು ಬಿಟ್ಟವನು. "ಭಾನುವಾರ ಬಂದ್ರ ಬರೇ ರಕ್ತದ ಹಾಡು, ರಕ್ತದ ಪ್ರಸಂಗ. ದೇವರಿಗೆ ರಕ್ತ ಯಾಕ ಬೇಕು?" ಎಂದು ಅಪ್ಪನನ್ನು ಕೇಳಿದ್ದ. ಪಾಪಕ್ಕೆ ದೇವರು ಕೇಳುವ ಬೆಲೆ ಅದು ಎಂದು ಅಪ್ಪ ಕೊಟ್ಟ ಉತ್ತರ ಅವನಿಗೆ ಒಪ್ಪಿಗೆಯಾಗಲಿಲ್ಲ. ಆಮೇಲೆ ಅವರಿಬ್ಬರೂ ಕ್ರಿಕೆಟ್ಟು, ಪೆಟ್ರೋಲಿನ ರೇಟು ಮಾತ್ರ ಮಾತಾಡುತ್ತಿದ್ದರು.

ಆನಂದ ಟೆಸ್ಟ್ ಕೊಟ್ಟ. ಬಿದ್ದ. ಎದ್ದು ನೀರು ಕುಡಿದು ಡ್ಯೂಟಿಗೆ ಹೋದ.

ಪೂರ್ತಿ ಮ್ಯಾಚ್!

ಡಾಕ್ಟರಮ್ಮನೇ ಕುರ್ಚಿಯಿಂದ ಎದ್ದು ನಿಂತಿದ್ದರು. ದೇವದಾಸರು ಕಾರಿಡಾರಿನಲ್ಲಿ ಅಪರಿಚಿತರೊಬ್ಬರ ಕೈ ಹಿಡಿದು ಕುಲುಕಿದರಂತೆ. ನಾನು ಫೋನ್ ಮಾಡಿದಾಗ ಹಿಂದೆ ಟ್ರಾಲಿಗಳ ಸದ್ದು. "ಯಾವಾಗ ಬರ್ಬೇಕು ಹೇಳಕ್ಕಾ," ಅಂದ ಆನಂದ. "ಹೆದರಿಕಿ ಐತಿ. ಭಾಳ ಐತಿ. ಆದ್ರ ಬರ್ತೀನಿ."

ನನ್ನನ್ನು ಗಾಜಿನ ಬಾಗಿಲಿನ ಐಸೋಲೇಶನ್ ರೂಮಿಗೆ ಹಾಕಿದರು. ಕೀಮೋದಿಂದ ನನ್ನೊಳಗೆ ಉಳಿದಿದ್ದ ಚೂರುಪಾರು ಮ್ಯಾರೋವನ್ನೂ ಅಳಿಸಿದರು. ಬಾಯಿ ಹುಣ್ಣಾಯಿತು, ಕೂದಲು ದಿಂಬಿಗಂಟಿತು. ಇನ್ನು ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ. ಆನಂದ ಅರ್ಧಕ್ಕೇ ಎದ್ದುಹೋದರೆ ನಾನು ಉಳಿಯುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಅವನ ಎರಡೂ ತೋಳಿಗೆ ಸೂಜಿ ಹಾಕಿದ ದಿನ ದೇವದಾಸರು ವಿಡಿಯೊ ಕಾಲ್ ಹಚ್ಚಿದ್ದರು. ಒಂದು ತೋಳಿನ ರಕ್ತ ಮೆಷಿನ್ನಿಗೆ ಹೋಗಿ, ರಕ್ತ ಹುಟ್ಟಿಸುವ ಸ್ಟೆಮ್ ಸೆಲ್ ಬೇರೆಯಾಗಿ, ಉಳಿದದ್ದು ಇನ್ನೊಂದು ತೋಳಿಗೆ ಮರಳುತ್ತಿತ್ತು. ಆನಂದನ ಕಣ್ಣ ಮೇಲೆ ಟವೆಲ್. ಆ ಕಣಗಳು ಹೆಚ್ಚಲೆಂದು ಹಿಂದಿನ ದಿನಗಳಲ್ಲಿ ಕೊಟ್ಟ ಇಂಜೆಕ್ಷನ್ನಿಗೆ ಅವನ ಮೂಳೆಗಳೆಲ್ಲ ನೋಯುತ್ತಿದ್ದವು. ಅಪ್ಪ ಪಕ್ಕದ ಸ್ಟೂಲಿನ ಮೇಲಿದ್ದರು.

ಟವೆಲ್ಲಿನ ಕೆಳಗಿಂದಲೇ ಆನಂದ ಅಂದ: "ಅಪ್ಪಾ, ಅವತ್ತಿಂದು ಇನ್ನೂ ತಿಳಿದಿಲ್ಲ ನನಗ. ದೇವರಿಗೆ ರಕ್ತ ಯಾಕ ಬೇಕಾಗಿತ್ತು?"

ಅಪ್ಪ ರಕ್ತ ಹರಿಯುತ್ತಿದ್ದ ನಳಿಕೆಯನ್ನು ನೋಡುತ್ತಲೇ ಕೇಳಿದರು: "ಈ ನಿನ್ನ ರಕ್ತ ಡಾಕ್ಟರಿಗೆ ಬೇಕಾಗೇತೇನು?"

"ಅವರು ಏನ್ ಮಾಡ್ತಾರ? ಅಕ್ಕಗ ಬೇಕಾಗೇತಿ."

"ನಾನೂ ಇಷ್ಟು ವರ್ಷ ತಪ್ಪು ತಿಳಿದಿದ್ನೇನೋ, ಮಗನ. ಬೇಕಾಗಿದ್ದು ದೇವರಿಗಲ್ಲ. ನಮಗ. ಕೊಟ್ಟಾಂವ ಆತ."

ಆನಂದ ಟವೆಲ್ ಸರಿಸಿ ಅಪ್ಪನನ್ನು ನೋಡಿದ. ಕಣ್ಣು ಮೆಷಿನ್ನಿನ ಕಡೆ ಹೋಯಿತು. ತಕ್ಷಣ ಟವೆಲ್ ಎಳೆದುಕೊಂಡ. "ನನ್ನ ಮಾತ್ರ ಯೇಸು ಮಾಡಬ್ಯಾಡ್ರಿ ಮತ್ತ. ನಾ ಸಾಯಾಕ ಬಂದಿಲ್ಲ, ಇದು ಮುಗಿದ ಮ್ಯಾಲೆ ಬಿರ್ಯಾನಿ ತಿನ್ನಾಕ ಹೋಗಾಂವ."

ನಗುವಿಗೆ ನನ್ನ ತುಟಿ ಒಡೆಯಿತು.

ಅವತ್ತೇ ಸಂಜೆ ಆ ಚೀಲ ಬಂತು. ತಿಳಿಗೆಂಪು, ಅಂಗೈಯಷ್ಟು. ಸಿಸ್ಟರ್ ಹಚ್ಚಿದರು. ಕೊನೆಯ ರಾತ್ರಿ ಊಟದಲ್ಲಿ ಯೇಸು ಪಾತ್ರೆ ಎತ್ತಿ, ಇದು ನಿಮಗಾಗಿ ಸುರಿಯುವ ನನ್ನ ರಕ್ತ, ಇದರಲ್ಲಿ ಹೊಸ ಒಡಂಬಡಿಕೆ ಇದೆ ಎಂದದ್ದನ್ನು ಎಷ್ಟು ಬಾರಿ ಕೇಳಿದ್ದೆನೋ. ಅಲ್ಲಿಯೂ ಮೊದಲು ಬೆಚ್ಚಿಬಿದ್ದವರು ಊಟಕ್ಕೆ ಕೂತವರೇ ಇದ್ದಿರಬೇಕು, ಇಷ್ಟು ದೊಡ್ಡದನ್ನು ಕೈ ಚಾಚಿ ಸುಮ್ಮನೆ ತೆಗೆದುಕೊಳ್ಳುವುದು ಹೇಗೆ ಎಂದು. ನಾನೂ ಮಾಡಿದ್ದು ಅಷ್ಟೇ. ತೋಳು ಚಾಚಿ ಮಲಗಿದೆ.

ಆಮೇಲಿನದು ಕಾಯುವುದು. ಜ್ವರ, ನಡುಕ, ಆಂಟಿಬಯಾಟಿಕ್. ಬೆಳಿಗ್ಗೆ ಬೆಳಿಗ್ಗೆ ಬಿಳಿ ಕಣಗಳ ಕೌಂಟ್ ಸೊನ್ನೆ, ಮತ್ತೆ ಸೊನ್ನೆ. ಅಪ್ಪ ಗಾಜಿನ ಆಚೆ ನಿಂತು ತುಟಿ ಅಲುಗಿಸುತ್ತಿದ್ದರು. ದೇವದಾಸರು ಕ್ಯಾಂಟೀನಿನ ಇಡ್ಲಿ ಮುಟ್ಟುತ್ತಿರಲಿಲ್ಲ.

ಒಂದು ಬೆಳಿಗ್ಗೆ ಸಿಸ್ಟರ್ ಓಡಿಯೇ ಬಂದರು. "ಅಕ್ಕಾ, ಲೇಚಿಂದಿ!" ಎದ್ದಿದೆ!

ಕೌಂಟ್ ಏಳತೊಡಗಿತ್ತು. ಮರುದಿನ ಇನ್ನೂ ಮೇಲೆ. ಅದರ ಮರುದಿನ ಇನ್ನೂ! ನನ್ನ ಬರಿದಾದ ಮೂಳೆಯಲ್ಲಿ ಆನಂದನ ಕಣಗಳು ಮನೆ ಮಾಡಿದ್ದವು. ಹಾಡಬೇಕೆನಿಸಿತು, ಬಾಯಿ ತೆರೆಯಲಾಗಲಿಲ್ಲ. ಬೆರಳಿನಿಂದ ಮಂಚದ ಕಂಬಿ ಬಡಿದೆ.

ಕೆಲವು ತಿಂಗಳ ನಂತರ ಇನ್ನೊಂದು ಬೆರಗು. ನಾನು ಹುಟ್ಟಿನಿಂದ ಬಿ ಪಾಸಿಟಿವ್. ಲ್ಯಾಬಿನವರು ಓ ಪಾಸಿಟಿವ್ ಎಂದು ಬರೆದಿದ್ದರು. ತಪ್ಪಾಗಿದೆ ಎಂದು ಜಗಳಕ್ಕೇ ನಿಂತೆ. ಡಾಕ್ಟರಮ್ಮ ನಕ್ಕರು. "ತಪ್ಪೇನಿಲ್ಲ. ಈಗ ನಿಮ್ಮೊಳಗೆ ಹುಟ್ಟುತ್ತಿರುವುದು ತಮ್ಮನ ರಕ್ತ."

ಹೊರಗಿಂದ ಹಾಕಿಸಿಕೊಳ್ಳುವುದು ನಿಂತಿತ್ತು. ಒಳಗಿನಿಂದಲೇ ಹುಟ್ಟುತ್ತಿತ್ತು. ಹೊಸ ಒಡಂಬಡಿಕೆಯನ್ನು ಕಲ್ಲಿನ ಮೇಲಲ್ಲ, ಹೃದಯದೊಳಗೇ ಬರೆಯುತ್ತೇನೆ ಎಂದು ದೇವರು ಪ್ರವಾದಿಗೆ ಹೇಳಿದ್ದನ್ನು ನಾನು ಮಕ್ಕಳಿಗೆ ಕಂಠಪಾಠ ಮಾಡಿಸಿದ್ದೆ. ಅರ್ಥವಾದದ್ದು ಆ ಲ್ಯಾಬಿನ ಬಾಗಿಲಲ್ಲಿ.

ಎಲ್ಲ ಸರಿಹೋಗಿಲ್ಲ. ಚರ್ಮದ ಮೇಲೆ ದದ್ದುಗಳು ಬಂದುಹೋಗುತ್ತವೆ. ಮಾತ್ರೆಗಳಿಂದ ಕೈ ನಡುಗುತ್ತದೆ. ಯಾರಾದರೂ ಸೀನಿದರೆ ದೇವದಾಸರು ನನ್ನನ್ನು ದೂರ ಎಳೆಯುತ್ತಾರೆ.

ಡಾಕ್ಟರಮ್ಮ ಒಪ್ಪಿದ ಮೇಲೆ ಕಳೆದ ಭಾನುವಾರ ಮಾಸ್ಕ್ ಹಾಕಿ ಚರ್ಚಿಗೆ ಹೋದೆ. ಆನಂದನೇ ಕಾರಿನಲ್ಲಿ ಕರೆದೊಯ್ದ. ಕಿಟಕಿ ಪಕ್ಕದ ಬೆಂಚಿನಲ್ಲಿ ನನ್ನ ಜೊತೆ ಕೂತ. ಯೇಸುವಿನ ಆ ಕೊನೆಯ ಊಟವನ್ನು ನೆನೆಯುವ ಪ್ರಭುಭೋಜನದ ಹೊತ್ತಿಗೆ ಪಾದ್ರಿ ಅಯ್ಯನವರು ನನಗೆಂದೇ ಮುಚ್ಚಿಟ್ಟಿದ್ದ ದ್ರಾಕ್ಷಾರಸದ ಸಣ್ಣ ಲೋಟ ತಂದರು. ಆನಂದನ ಮುಂದೆಯೂ ಲೋಟಗಳ ತಟ್ಟೆ ನಿಂತಿತು. ಅವನು ಬೇಡವೆಂದು ತಲೆ ಅಲ್ಲಾಡಿಸಿದ. ಆದರೆ ಹೊರಗೆ ಎದ್ದುಹೋಗಲಿಲ್ಲ. ಅಪ್ಪ ಮುಂದಿನ ಸಾಲಿನಿಂದ ತಿರುಗಿ ನೋಡಿ, ಸ್ವಲ್ಪ ಸರಿದು, ತಮ್ಮ ಪಕ್ಕ ಜಾಗ ಮಾಡಿದರು.

ಆನಂದ ಎದ್ದು ಹೋಗಿ ಅಲ್ಲಿ ಕೂತ.

ನಾನು ಮಾಸ್ಕ್ ಇಳಿಸಿ ಕುಡಿದೆ.